ಅರ್ಧ ಕಂಪ್ಯೂಟರ್ ಕಳವು

"ಅಕ್ಕಾ, ನಮ್ಮನೇಲಿ ಕಳವಾಗಿದೆ."

ಫೋನಿನ ಆ ಕಡೆಯಿಂದ ಅಕ್ಕನ ಕಚೇರಿಯ ದನಿ ಬಂತು — "ಏನು ಹೋಗಿದೆ?"

"ಅರ್ಧ ಕಂಪ್ಯೂಟರ್."

"ಅರ್ಧ ಅಂದ್ರೆ? ಪರದೆ ಬಿಟ್ಟು ಪೆಟ್ಟಿಗೆ ಹೊತ್ಕೊಂಡು ಹೋದ್ರಾ?"

"ಪೆಟ್ಟಿಗೆ ಇದೆ. ಪರದೆ ಇದೆ. ಒಂದು ಸ್ಕ್ರೂ ಕೂಡ ಹೋಗಿಲ್ಲ. ಅದು ಮಾಡೋ ಕೆಲಸ ಮಾತ್ರ ಅರ್ಧ ಹೋಗಿದೆ. ನಾನು ಮುಂದೇನೇ ಕೂತಿರ್ತೀನಿ, ಕಣ್ಣೆದುರೇ ಹೋಗುತ್ತೆ. ಇನ್ನು ನನ್ನ ಕೈಲಾಗಲ್ಲ ಅಕ್ಕ."

ತಂಗಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.

ಅವಳಿಗೆ ಚುಕ್ಕಿ ಅಂತ ಹೆಸರಿಟ್ಟವಳು ಈ ಅಕ್ಕನೇ. ಹುಟ್ಟಿದಾಗ ಅಂಗೈಯಗಲ ಇದ್ದಳಂತೆ. ಆ ಹೆಸರು ಮದುವೆಯಾಗಿ ಬಂದ ಮನೆಗೂ ಹಿಂಬಾಲಿಸಿ ಬಂದಿತ್ತು. ಚುಕ್ಕಿಯ ಕೆಲಸ ಅಪಘಾತಗಳ ಚಿತ್ರ ಮಾಡುವುದು. ಎಲ್ಲೋ ಎರಡು ವಾಹನ ಗುದ್ದಿಕೊಂಡರೆ ಅಲ್ಲಿನ ಅಳತೆ, ಫೋಟೊ, ಕಂಡವರ ಮಾತು ಎಲ್ಲ ತರಿಸಿಕೊಂಡು ಆ ರಸ್ತೆಯನ್ನೇ ಕಂಪ್ಯೂಟರಿನೊಳಗೆ ಕಟ್ಟುತ್ತಿದ್ದಳು. ಆ ಗಳಿಗೆಯಲ್ಲಿ ಯಾರಿಗೆ ಏನು ಕಂಡಿತ್ತು, ಏನು ಕಂಡಿರಲಿಲ್ಲ ಎಂದು ತೋರಿಸುವ ಚಿತ್ರ. ವಕೀಲರು ಅದನ್ನು ವಿಚಾರಣೆಯಲ್ಲಿ ಹಾಕಿ ತೋರಿಸುತ್ತಿದ್ದರು.

ಈ ಸಲ ಕೈಯಲ್ಲಿದ್ದದ್ದು ಒಬ್ಬ ಬಸ್ ಚಾಲಕನ ಪ್ರಕರಣ. ತಿರುವಿನಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಹುಡುಗಿಯೊಬ್ಬಳು ಬಸ್ಸಿಗೆ ಸಿಕ್ಕಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು. ಅವಳು ಕಾಣಲೇ ಇಲ್ಲ ಎನ್ನುತ್ತಿದ್ದ ಚಾಲಕ. ಹೇಗೆ ಕಾಣುತ್ತಾಳೆ, ಫೋನ್ ನೋಡುತ್ತಿದ್ದಿರಬೇಕು ಎನ್ನುತ್ತಿದ್ದರು ಉಳಿದವರು. ಚುಕ್ಕಿ ಬಸ್ಸಿನ ಮುಂಗಾಜು, ಅದರ ಪಕ್ಕದ ದಪ್ಪ ಕಂಬ, ಚಾಲಕನ ಕಣ್ಣಿನ ಎತ್ತರ ಎಲ್ಲ ಕೂರಿಸಿ ನೋಡಿದಾಗ ಮೈ ಜುಮ್ಮೆಂದಿತ್ತು. ಬಸ್ಸು ತಿರುಗಿದಷ್ಟು ಹೊತ್ತೂ ಸೈಕಲ್ ಆ ಕಂಬದ ಮರೆಯಲ್ಲೇ ಸಾಗಿ ಬಂದಿತ್ತು. ಮನುಷ್ಯ ಸುಳ್ಳು ಹೇಳಿರಲಿಲ್ಲ.

ಆದರೆ ಅದನ್ನು ನಂಬಿಸಲು ಬರಿಯ ಗೆರೆಚಿತ್ರ ಸಾಲದು. ಅವತ್ತಿನ ಬಿಸಿಲು, ಗಾಜಿನ ಮೇಲಿನ ಹೊಳಪು, ನೆರಳು ಎಲ್ಲ ಇದ್ದ ಹಾಗೇ ಬರಬೇಕು. ಓಡುವ ಆ ಚಿತ್ರದ ಒಂದೊಂದು ಫ್ರೇಮಿಗೂ ಕಂಪ್ಯೂಟರ್ ಬೆಳಕಿನ ಲೆಕ್ಕ ಹಾಕಬೇಕು. ಅದಕ್ಕೆಂದೇ ಎರಡು ಪ್ರೊಸೆಸರ್ ಇರುವ ಯಂತ್ರವನ್ನು ಮನೆಯಲ್ಲೇ ಕಟ್ಟಿಸಿದ್ದಳು. ಒಂದೇ ಪೆಟ್ಟಿಗೆಯಲ್ಲಿ ಎರಡು ಮಿದುಳು. ಮೊದಮೊದಲು ಹೇಳಿದ್ದನ್ನು ಬಾಯಿಗೆ ಬರುವ ಮೊದಲೇ ಮಾಡಿ ಮುಗಿಸುತ್ತಿತ್ತು. ಈಗ ಮೂರು ವಾರದಿಂದ ಆ ಓಟ ಇಲ್ಲ. ವಿಚಾರಣೆ ಬರುವ ಸೋಮವಾರ. ಚಾಲಕನ ವಕೀಲೆ ಬೆಳಿಗ್ಗೆ ಫೋನ್ ಮಾಡಿ, "ಚಿತ್ರ ಬರದಿದ್ರೆ ಅವರ ಲೈಸೆನ್ಸ್ ಹೋಗುತ್ತೆ. ಜೈಲಾದ್ರೂ ಆಶ್ಚರ್ಯ ಇಲ್ಲ" ಎಂದಿದ್ದಳು.

"ನಾಳೆ ಬರ್ತೀನಿ" ಅಂದಳು ಅಕ್ಕ. "ಅಲ್ಲೀವರೆಗೆ ಏನನ್ನೂ ಮುಟ್ಟಬೇಡ."

ಅಕ್ಕ ವಿಮಾ ಕಂಪನಿಯೊಂದರಲ್ಲಿ ಬೆಂಕಿ ಪ್ರಕರಣಗಳ ತನಿಖೆ ಮಾಡುತ್ತಿದ್ದಳು. ಸುಟ್ಟ ಗೋದಾಮಿಗೆ ಹೋಗಿ, ಬೂದಿ ಕೆದಕಿ, ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಇಟ್ಟರೋ ಅಂತ ಹೇಳುವವಳು. ಕಂಪ್ಯೂಟರ್ ಬಗ್ಗೆ ಅವಳಿಗೆ ಇದ್ದ ಜ್ಞಾನ ಅಷ್ಟಕ್ಕಷ್ಟೇ. ಆದರೆ ಪ್ರಶ್ನೆ ಕೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಚಿಕ್ಕಂದಿನಲ್ಲಿ ಚುಕ್ಕಿ ಎಷ್ಟೋ ಸಲ ಮಾಡದ ತಪ್ಪನ್ನೂ ಒಪ್ಪಿಕೊಂಡು ಅವಳಿಂದ ಪಾರಾಗಿದ್ದಳು.

*

ಮರುದಿನ ಮಧ್ಯಾಹ್ನ ಅಕ್ಕ ಬಂದಾಗ ಒಳಗಿನಿಂದ ಒಂದೇ ಸ್ವರ ಎಳೆಯುತ್ತಿತ್ತು. ಚುಕ್ಕಿಯ ಮಾವನದು ವಾದ್ಯ ರಿಪೇರಿಯ ಕೆಲಸ. ಹಾರ್ಮೋನಿಯಂ, ಅಕಾರ್ಡಿಯನ್ ಏನೇ ಇರಲಿ, ಒಳಗೆ ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳನ್ನು ಅರದಿಂದ ಕೆರೆದು ಕೆರೆದು ಶ್ರುತಿ ಕೂಡಿಸುವುದರಲ್ಲಿ ಊರಿಗೇ ಅವರು ಹೆಸರಾದವರು. ಬಾಗಿಲಲ್ಲಿ ಮಾತು ಕೇಳಿಸಿದ್ದೇ ಸ್ವರ ನಿಂತಿತು. ಮಾವ ಕೂತಲ್ಲಿಂದಲೇ ಗೋಡೆಗೆ ಕೈ ಚಾಚಿ, ಮೆಲ್ಲನೆ ಎದ್ದು, ಕನ್ನಡಕ ತಲೆಗೇರಿಸಿಕೊಂಡು ಹೊರಗೆ ಬಂದರು.

"ಬಾಮ್ಮ, ಬಾ. ದಾರೀಲಿ ತೊಂದ್ರೆ ಆಗಲಿಲ್ಲ ತಾನೆ?"

"ಇಲ್ಲ ಮಾವ. ನಿಮ್ಮ ಕೆಲಸಕ್ಕೆ ನಾನೇ ತೊಂದ್ರೆ ಕೊಟ್ಟೆ."

"ಏನಂದೆ?"

"ಕೆಲಸ ಕೆಡಿಸ್ದೆ ಅಂದೆ."

"ಅದೆಲ್ಲ ಇರೋದೇ. ಮಾತಿರೋ ಕಡೆ ಶ್ರುತಿ ಆಗಲ್ಲ. ಜನ ಬಂದ್ರೆ ನಾನು ಅಂಗಡಿ ಮುಚ್ಚಿಬಿಡ್ತೀನಿ."

ಅಕ್ಕ ನೀರು ಕುಡಿದು ಲೋಟ ಕೆಳಗಿಡುವ ಮೊದಲೇ ಚುಕ್ಕಿ ಅವಳ ಕೈ ಹಿಡಿದು ತನ್ನ ಕೋಣೆಗೆ ಎಳೆದುಕೊಂಡು ಹೋದಳು. ಮೇಜು, ಎರಡು ಪರದೆ, ಗೋಡೆ ತುಂಬ ಆ ತಿರುವಿನ ಫೋಟೊಗಳು.

"ಪೆಟ್ಟಿಗೆ ಎಲ್ಲಿ?"

"ಇಲ್ಲಿ." ಚುಕ್ಕಿ ಮೂಲೆಯ ಸಣ್ಣ ಬಾಗಿಲು ತೆರೆದಳು. ಅವಳ ಕೋಣೆಗೂ ಮಾವನ ಕೋಣೆಗೂ ನಡುವೆ ಇದ್ದ ಸಾಮಾನು ಕೋಣೆ ಅದು. ಒಬ್ಬರು ನಿಂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು. ಹಿಂದೆ ಮಾವ ಅಲ್ಲಿ ವಾರ್ನಿಶ್ ಡಬ್ಬಗಳನ್ನು ಇಡುತ್ತಿದ್ದರು. ವಾಸನೆ ಹೋಗಲೆಂದು ಸೂರಿನ ಹತ್ತಿರ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದರು. ಅದರ ಮುಂದೆ ತಗಡಿನ ಪಟ್ಟಿಗಳ ಮುಚ್ಚಳ. ಕೆಳಗೆ ಪೆಟ್ಟಿಗೆ ಹಿಟ್ಟಿನ ಗಿರಣಿಯ ಹಾಗೆ ಮೊರೆಯುತ್ತಿತ್ತು.

"ಈ ಸದ್ದಿಗೇ ಒಳಗಿಟ್ಟಿದ್ದು. ಪಕ್ಕದಲ್ಲಿದ್ರೆ ಫೋನಲ್ಲಿ ಒಂದು ಮಾತೂ ಕೇಳಲ್ಲ. ತಂತಿ ಮಾತ್ರ ಹೊರಗೆ ಎಳೆದಿದ್ದೀನಿ."

"ಈಗ ಹೇಗೆ ಓಡ್ತಿದೆ?"

ಚುಕ್ಕಿ ಪರದೆಯತ್ತ ಬಗ್ಗಿ ನೋಡಿದಳು. ಮುಖ ಸಪ್ಪಗಾಯಿತು. "ಸುಧಾರಿಸ್ತಾ ಇದೆ. ನೀನು ಬರೋವರೆಗೂ ಆಮೆ ಥರ ತೆವಳ್ತಿತ್ತು. ನೋಡು, ನೋಡು, ಈಗ ಹೇಗೆ ಏರ್ತಿದೆ. ಯಾವಾಗ್ಲೂ ಹೀಗೇ ಮಾಡುತ್ತೆ ಇದು. ನಾಲ್ಕು ಜನರ ಮುಂದೆ ಒಳ್ಳೇ ಮಗು. ಅವರು ಹೋದ್ರೆ ನನ್ನ ಪ್ರಾಣ ತಿನ್ನುತ್ತೆ."

ಅಕ್ಕ ಕುರ್ಚಿ ಎಳೆದು ಕೂತಳು. "ಮೊದಲಿಂದ ಹೇಳು. ಯಾರ ಮೇಲೆ ಅನುಮಾನ ಬಂತು, ಯಾಕೆ ಬಿಟ್ಟೆ?"

ಚುಕ್ಕಿಗೆ ಇದನ್ನೆಲ್ಲ ಹೇಳಿ ಹೇಳಿ ಸಾಕಾಗಿತ್ತು. ಆದರೂ ಹೇಳಿದಳು. ಮೊದಲ ಅನುಮಾನ ಚಿತ್ರ ಮಾಡುವ ಪ್ರೋಗ್ರಾಂ ಮೇಲೆ. ಎಷ್ಟೋ ಪ್ರೋಗ್ರಾಂಗಳಿಗೆ ಎರಡನೇ ಪ್ರೊಸೆಸರ್ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಒಂದರ ತಲೆಗೇ ಎಲ್ಲ ಕಟ್ಟಿ ಇನ್ನೊಂದನ್ನು ಸುಮ್ಮನೆ ಕೂರಿಸುತ್ತವೆ. ಇದು ಹಾಗಲ್ಲ. ಎರಡೂ ನೂರಕ್ಕೆ ನೂರು ದುಡಿಯುತ್ತಿವೆ ಎಂದೇ ಪರದೆ ತೋರಿಸುತ್ತಿತ್ತು.

ಆಮೇಲೆ ಮೆಮೊರಿ. ಇಂಥ ಯಂತ್ರದಲ್ಲಿ ಒಂದೊಂದು ಪ್ರೊಸೆಸರಿಗೂ ಅದರದೇ ಮೆಮೊರಿ ಪಟ್ಟಿಗಳ ಸಾಲು ಇರುತ್ತದೆ. ಯಂತ್ರ ಕಟ್ಟಿದ ಮೆಕ್ಯಾನಿಕ್ ಎಲ್ಲ ಪಟ್ಟಿಗಳನ್ನೂ ಮೊದಲನೆಯದರ ಸಾಲಿಗೇ ಸಿಕ್ಕಿಸಿದ್ದ. ಎರಡನೆಯದು ಪ್ರತಿಯೊಂದಕ್ಕೂ ಮೊದಲನೆಯದರ ಹತ್ತಿರ ಕೈಯೊಡ್ಡಬೇಕಾಗಿತ್ತು. ಅವನೇ ಬಂದು ಹಂಚಿ ಹಾಕಿದ. ಯಂತ್ರ ಚಿಗರೆಯ ಹಾಗೆ ಓಡಿತು. ಚುಕ್ಕಿ ಅವನಿಗೆ ಎರಡು ಸಲ ಕಾಫಿ ಕೊಟ್ಟಳು. ಮಾರನೆಯ ದಿನ ಮತ್ತೆ ತೆವಳು.

"ಬಿಸಿ?" ಅಂದಳು ಅಕ್ಕ. ಬೆಂಕಿಯವಳಲ್ಲವೇ.

"ಅದನ್ನ ಮೊದಲೇ ನೋಡ್ದೆ. ಇಲ್ಲಿ ತೋರಿಸುತ್ತೆ. ಈ ಕೆಂಪು ಗೆರೆ ದಾಟಿದ್ರೆ ಅಪಾಯ. ಒಂದು ದಿನವೂ ದಾಟಿಲ್ಲ. ಬಿಸಿಯದು ತಪ್ಪಿಲ್ಲ."

"ಆ ಕೋಣೆ?"

"ಅದೇ ಕೋಣೇಲಿ ಚೆನ್ನಾಗೂ ಓಡುತ್ತಲ್ಲ ಅಕ್ಕ. ಅದೇ ಜಾಗ, ಅದೇ ಬಾಗಿಲು, ಅದೇ ಕೆಲಸ. ಒಂದೊಂದು ಸಲ ಬೆಳಿಗ್ಗೆ ಚೆನ್ನಾಗಿರುತ್ತೆ, ಮಧ್ಯಾಹ್ನ ಕೆಡುತ್ತೆ. ಒಂದೊಂದು ದಿನ ಪೂರ್ತಿ ಚೆನ್ನಾಗಿರುತ್ತೆ. ಒಂದು ನಿಯಮ ಅಂತ ಇದ್ರೆ ಹಿಡೀಬಹುದಿತ್ತು. ಇದಕ್ಕೆ ನಿಯಮಾನೇ ಇಲ್ಲ." ಚುಕ್ಕಿ ಮೇಜಿನ ಮೇಲೆ ಅಂಗೈ ಬಡಿದಳು. ಪೆನ್ನುಗಳು ಉರುಳಿದವು. "ಹಾಳಾದ್ದು."

"ಮೆಕ್ಯಾನಿಕ್‌ನ ಕರಿ" ಅಂದಳು ಅಕ್ಕ.

*

ಮೆಕ್ಯಾನಿಕ್ ಬಂದ. ಮುಖದ ಮೇಲೆ ಬೇಸರ ಎದ್ದು ಕಾಣುತ್ತಿತ್ತು. ಈ ಮನೆಗೆ ಅವನ ಎಷ್ಟನೇ ಭೇಟಿಯೋ. ಪೆಟ್ಟಿಗೆಯನ್ನು ಹೊರಗೆ ಎಳೆದು ಮೇಜಿನ ಮೇಲಿಟ್ಟು, ಪಕ್ಕದ ಮುಚ್ಚಳ ತೆಗೆದು ಓಡಿಸಿದ. ಚೆನ್ನಾಗಿ ಓಡಿತು. ಒಳಗಿಟ್ಟು ಓಡಿಸಿದ. ಆಗಲೂ ಓಡಿತು.

"ನೋಡಿ ಮೇಡಂ. ಹೊರಗೂ ಓಡುತ್ತೆ, ಒಳಗೂ ಓಡುತ್ತೆ. ನಾನು ಏನು ರಿಪೇರಿ ಮಾಡ್ಲಿ?"

ಅಕ್ಕ ಅವನನ್ನು ಎವೆಯಿಕ್ಕದೆ ನೋಡಿದಳು. "ಮೂರು ವಾರದ ಹಿಂದೆ ಇದನ್ನ ಬಿಚ್ಚಿದ್ರಾ?"

"ಇಲ್ಲ. ಕೆಟ್ಟಿದೆ ಅಂತ ಕರೆದ ಮೇಲೇನೇ ಬಂದಿದ್ದು."

"ಒಂದು ಪ್ರೊಸೆಸರ್ ತೆಗೆದು ಕಡಿಮೆದು ಹಾಕಿದ್ರೆ ಇವಳಿಗೆ ಗೊತ್ತಾಗ್ತಿತ್ತಾ?"

ಅವನ ಕಿವಿ ಕೆಂಪಾಯಿತು. "ಗೊತ್ತಾಗುತ್ತೆ. ಎರಡೂ ಒಂದೇ ಥರದ್ದು ಇರದಿದ್ರೆ ಈ ಬೋರ್ಡು ಏಳೋದೇ ಇಲ್ಲ. ಬೇಕಾದ್ರೆ ಅವುಗಳ ಮೇಲಿನ ನಂಬರ್ ಓದಿ. ಅನುಮಾನ ಇದ್ರೆ ಬೇರೆಯವರನ್ನ ಕರೀರಿ. ನನಗೂ ಮಾನ ಮರ್ಯಾದೆ ಇದೆ."

ಅವನು ಹೊರಟು ಹೋದ. ಚುಕ್ಕಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇದ್ದ ಒಬ್ಬನನ್ನೂ ಓಡಿಸ್ಬಿಟ್ಟೆಯಲ್ಲ."

"ಅವನಲ್ಲ" ಅಂದಳು ಅಕ್ಕ, ಏನೂ ಆಗದವಳಂತೆ. "ಕದ್ದವನಾಗಿದ್ರೆ ಮೊದಲು ಯಂತ್ರದ ಮೇಲೆ ತಪ್ಪು ಹೊರಿಸ್ತಿದ್ದ. ಇವನು ಯಂತ್ರ ಸರಿ ಇದೆ ಅಂತಾನೇ ಹಟ ಹಿಡಿದಿದ್ದಾನೆ. ನಿನ್ನ ಗಂಡ ಎಷ್ಟು ಹೊತ್ತಿಗೆ ಬರ್ತಾರೆ?"

ಚುಕ್ಕಿಯ ಗಂಡನದು ಔಷಧಿ ಅಂಗಡಿ. ಊಟಕ್ಕೆ ಬಂದವನನ್ನು ಅಕ್ಕ ಕೈ ತೊಳೆಯುವಾಗಲೇ ಹಿಡಿದಳು.

"ಈ ಯಂತ್ರದಲ್ಲಿ ಕರೆಂಟು ಉಳಿಸೋ ಸೆಟ್ಟಿಂಗ್ ಏನಾದ್ರೂ ಮಾಡಿದ್ರಾ?"

"ನಾನಾ ಅತ್ತಿಗೆ? ಅದನ್ನ ಮುಟ್ಟಿದ್ರೆ ನನ್ನ ಕೈ ಕಡೀತಾಳೆ."

"ಸೆಟ್ಟಿಂಗ್ ನಾನು ನೋಡಿದ್ದೀನಿ, ಪೂರ್ತಿ ಮೇಲಿದೆ" ಅಂದಳು ಚುಕ್ಕಿ. "ಇವರ ಕೊಡುಗೆ ಒಂದೇ. ದಿನಾ ಬಂದು, ಆಫ್ ಮಾಡಿ ಆನ್ ಮಾಡಿ ನೋಡಿದ್ಯಾ ಅಂತ ಕೇಳೋದು."

"ಕೇಳೋದೂ ತಪ್ಪಾ? ಅಪ್ಪನ ಹಾಗೆ ಬಾಯಿ ಹೊಲ್ಕೊಂಡು ಕೂತಿದ್ರೆ ಸರಿ ಇರ್ತಿತ್ತಾ?" ಅಂದ ಗಂಡ. "ಅಪ್ಪ ಇತ್ತೀಚೆಗೆ ಊಟಕ್ಕೆ ಕರೆದ್ರೂ ಓ ಅನ್ನಲ್ಲ. ಕೆಲಸ ಕೆಲಸ ಕೆಲಸ. ಒಂದು ಅಕಾರ್ಡಿಯನ್ ಮೇಲೆ ಮೂರು ವಾರದಿಂದ ಕೂತಿದ್ದಾರೆ. ಮುಂಚೆ ಆಗಿದ್ರೆ ಎರಡೇ ದಿನದ ಮಾತು."

ಅಕ್ಕ ತಟ್ಟೆಯಿಂದ ತಲೆಯೆತ್ತಿ ಅವನನ್ನು ನೋಡಿದಳು.

*

ಊಟದ ನಂತರ ಅಕ್ಕ ಮಾವನ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಮಾತಾಡಿಸಿಕೊಂಡು ಬಂದಳು. ಚುಕ್ಕಿ ಬಾಗಿಲಲ್ಲೇ ನಿಂತು ಬೆರಳು ಹಿಸುಕಿಕೊಳ್ಳುತ್ತಿದ್ದಳು. ಹೊತ್ತು ಜಾರುತ್ತಿದೆ, ಇವಳಿಗೆ ವಾದ್ಯಗಳ ಮೇಲೆ ಮೋಹ ಹುಟ್ಟಿದೆ. ಗಾಳಿ ಊದುವ ಮೋಟಾರು ಯಾವುದು, ಅರ ಯಾವುದು, ಜೋಡಿ ರೀಡುಗಳು ಕೂಡಿದವೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಅಂತೆಲ್ಲ ವಿಚಾರಿಸುತ್ತಿದ್ದಳು.

"ಎರಡನ್ನೂ ಒಟ್ಟಿಗೆ ನುಡಿಸಬೇಕಮ್ಮ" ಅಂದರು ಮಾವ. "ಸ್ವಲ್ಪ ಹೆಚ್ಚು ಕಡಿಮೆ ಇದ್ರೆ ದನಿ ಅಲೆ ಅಲೆಯಾಗಿ ನಡುಗುತ್ತೆ. ಕೆರೀತಾ ಹೋದ್ರೆ ಅಲೆ ನಿಧಾನ ಆಗುತ್ತೆ. ಪೂರ್ತಿ ನಿಂತ್ರೆ ಕೂಡ್ತು ಅಂತ."

ಗಾಳಿಯ ಮೋಟಾರಿನ ಮಾತು ಕಿವಿಗೆ ಬಿದ್ದದ್ದೇ ಚುಕ್ಕಿಗೆ ಮಿಂಚು ಹೊಡೆದಂತಾಯಿತು. ಅಕ್ಕನನ್ನು ಪಡಸಾಲೆಗೆ ಎಳೆದಳು. "ಆ ಮೋಟಾರು. ಅದು ಓಡಿದಾಗ ಕರೆಂಟು ಇಳಿಯುತ್ತೆ, ನನ್ನ ಯಂತ್ರ ಸೋಲುತ್ತೆ. ಜನ ಬಂದಾಗ ಮಾವ ನಿಲ್ಲಿಸ್ತಾರೆ, ಇದು ಓಡುತ್ತೆ. ಸಿಕ್ತು ಅಕ್ಕ."

"ಪರೀಕ್ಷೆ ಮಾಡೋಣ" ಅಂದಳು ಅಕ್ಕ.

ಮಾವ ಹಾಲು ತರಲು ಅಂಗಡಿಗೆ ಹೋದ ಹೊತ್ತಿನಲ್ಲಿ ಮೋಟಾರು ಹಾಕಿ ಕೂತರು. ಕಂಪ್ಯೂಟರ್ ಒಂದಿಷ್ಟೂ ಅಲುಗಲಿಲ್ಲ. ಫ್ರೇಮಿನ ಮೇಲೆ ಫ್ರೇಮು ಸರಾಗವಾಗಿ ಬರುತ್ತಿತ್ತು. ಚುಕ್ಕಿ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಯಂತ್ರ ಚೆನ್ನಾಗಿ ಓಡುತ್ತಿದೆ ಎಂದು ಅಳು ಬಂದದ್ದು ಅವಳಿಗೆ ಇದೇ ಮೊದಲು.

"ಅಳಬೇಡ. ಅರ್ಧ ಸರಿಯಾಗೇ ಹೇಳಿದ್ದೀಯ" ಅಂದಳು ಅಕ್ಕ. "ಜನ ಬಂದ್ರೆ ಓಡುತ್ತೆ ಅನ್ನೋದೇ ಇದರ ನಿಯಮ. ಜನ ಬಂದಾಗ ಈ ಮನೇಲಿ ಏನು ಬದಲಾಗುತ್ತೆ? ಅದೊಂದೇ ಪ್ರಶ್ನೆ. ಸರಿ, ನಾನು ಹೊರಡ್ತೀನಿ."

"ಹೊರಡ್ತೀಯಾ?"

ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. ಮಾವ ಹಾಲಿನೊಂದಿಗೆ ಬಂದಾಗ ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ, "ಹೋಗಿ ಬರ್ತೀನಿ ಮಾವ" ಅಂತ ಗಟ್ಟಿಯಾಗಿ ಹೇಳಿ ಹೊರಟಳು. ಮಾವ ಹಾಲಿನ ಪಾತ್ರೆ ಒಲೆಯ ಪಕ್ಕ ಇಟ್ಟು ತಮ್ಮ ಕೋಣೆ ಸೇರಿದ ಮೇಲೆ, ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳಹೆಜ್ಜೆಯಲ್ಲಿ ಚುಕ್ಕಿಯ ಕೋಣೆಗೆ ವಾಪಸಾದಳು. ಇಬ್ಬರೂ ಪರದೆಯ ಮುಂದೆ ಕೂತರು.

ಗೋಡೆಯಾಚೆ ಸ್ವರ ಶುರುವಾಯಿತು. ನಿಂತಿತು. ಅರದ ಕರಕರ. ಮತ್ತೆ ಅದೇ ಸ್ವರ.

ಮೊದಲು ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ಫ್ರೇಮು ತಡವಾಯಿತು. ಮುಂದಿನದು ಇನ್ನೂ ತಡ. ಮತ್ತೊಂದು ಬರಲೇ ಇಲ್ಲವೇನೋ ಅನ್ನುವಷ್ಟು. ಚುಕ್ಕಿ ಅಕ್ಕನ ತೋಳನ್ನು ಉಗುರು ನೆಡುವ ಹಾಗೆ ಹಿಡಿದಳು. ಬಿಸಿಯ ಮುಳ್ಳು ಕೆಂಪು ಗೆರೆಯ ಕೆಳಗೆ, ಅಲುಗದೆ ನಿಂತಿತ್ತು.

"ಆ ಮುಳ್ಳು ಸುಳ್ಳು ಸಾಕ್ಷಿ ಹೇಳ್ತಿದೆ" ಎಂದು ಪಿಸುಗುಟ್ಟಿದಳು ಅಕ್ಕ. "ಬಾ."

ಸಾಮಾನು ಕೋಣೆಯ ಬಾಗಿಲು ತೆರೆದದ್ದೇ ಝಳ ಮುಖಕ್ಕೆ ಹೊಡೆಯಿತು. ಅಕ್ಕನ ಕನ್ನಡಕದ ದಂಡೆ ಕೂಡ ಬೆಚ್ಚಗಾಯಿತು. ಅವಳು ಸ್ಟೂಲು ಹತ್ತಿ, ಚೀಲದಿಂದ ತೆಳು ಕಾಗದದ ಒಂದು ಎಳೆ ಹರಿದು, ಎಕ್ಸಾಸ್ಟ್ ಫ್ಯಾನಿನ ಪಟ್ಟಿಗಳ ಮುಂದೆ ಹಿಡಿದಳು. ಕಾಗದ ನೇರ ಕೆಳಗೆ ಜೋತುಬಿದ್ದಿತ್ತು.

"ಇದು ಯಾವಾಗ್ಲೂ ತಿರುಗ್ತಾನೇ ಇರುತ್ತೆ" ಅಂದಳು ಚುಕ್ಕಿ, ತನ್ನ ಮಾತನ್ನೇ ತಾನು ನಂಬದೆ. ಕೆಳಗಿನ ಪೆಟ್ಟಿಗೆಯ ಗದ್ದಲದಲ್ಲಿ ಈ ಫ್ಯಾನು ಇದೆಯೋ ಇಲ್ಲವೋ ಕೇಳಿಸುವ ಹಾಗಿರಲಿಲ್ಲ. ಮುಚ್ಚಳದ ಹಿಂದೆ ಕಾಣಿಸುತ್ತಲೂ ಇರಲಿಲ್ಲ. "ಇದರ ಸ್ವಿಚ್ಚು..."

ಅದರ ಸ್ವಿಚ್ಚು ಇದ್ದದ್ದು ಮಾವನ ಕೋಣೆಯಲ್ಲಿ.

*

ಅಕ್ಕ ಮಾವನ ಬಾಗಿಲು ತಟ್ಟಿದಳು. ಉತ್ತರವಿಲ್ಲ. ಇನ್ನೊಮ್ಮೆ ಜೋರಾಗಿ ತಟ್ಟಿದಳು. ಮಾವ ಬೆನ್ನು ತಿರುಗಿಸಿ ಕೂತಿದ್ದರು. ಬಲಗಿವಿಯನ್ನು ಅಕಾರ್ಡಿಯನ್ನಿಗೆ ಹೆಚ್ಚುಕಡಿಮೆ ಒತ್ತಿ ಹಿಡಿದಿದ್ದರು. ಹೆಗಲು ಮುಟ್ಟಿದ ಮೇಲೇ ಬೆಚ್ಚಿ ತಿರುಗಿದ್ದು.

"ನೀನು ಹೋಗ್ಲಿಲ್ವೇನಮ್ಮ?"

ಅಕ್ಕ ಒಂದು ಸ್ಟೂಲು ಎಳೆದುಕೊಂಡು ಅವರ ಎದುರು ಕೂತಳು. ಅವರಿಗೆ ತನ್ನ ತುಟಿ ಕಾಣುವ ಹಾಗೆ ಕೂತಳೆಂಬುದು ಚುಕ್ಕಿಗೆ ಆಮೇಲೆ ಹೊಳೆಯಿತು.

"ಮಾವ, ಚುಕ್ಕಿಯ ಯಂತ್ರದ ಕಥೆ ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಪೆಟ್ಟಿಗೇಲಿ ಗಾಳಿ ಮುಂದಿನಿಂದ ಹೊಕ್ಕು ಹಿಂದಕ್ಕೆ ಹೋಗುತ್ತೆ. ಒಂದು ಪ್ರೊಸೆಸರ್ ಮುಂದಿದೆ, ಇನ್ನೊಂದು ಅದರ ಬೆನ್ನಿಗಿದೆ. ಮೆಕ್ಯಾನಿಕ್ ಮುಚ್ಚಳ ತೆಗೆದಾಗ ನಾನೇ ನೋಡ್ದೆ. ಮೊದಲನೆಯದು ಬಿಟ್ಟ ಬಿಸಿ ಉಸಿರನ್ನೇ ಎರಡನೆಯದು ಕುಡೀಬೇಕು. ಕೋಣೆಯ ಗಾಳಿ ತಂಪಾಗಿದ್ರೆ ಹೇಗೋ ನಡೆಯುತ್ತೆ. ಕೋಣೆಯೇ ಒಲೆ ಆದ್ರೆ?"

"ಆದ್ರೆ ಬಿಸಿ ಗೆರೆ ದಾಟಬೇಕಿತ್ತಲ್ಲ" ಅಂದಳು ಚುಕ್ಕಿ.

"ಅಲ್ಲೇ ನೀನು ಮೋಸ ಹೋದದ್ದು. ಅದು ಗೆರೆ ದಾಟಲ್ಲ, ಯಾಕಂದ್ರೆ ದಾಟೋ ಮೊದಲೇ ನಡಿಗೆ ನಿಧಾನ ಮಾಡುತ್ತೆ. ಓಡೋದು ನಿಲ್ಲಿಸಿದವನ ಹಣೆ ಮುಟ್ಟಿ ಜ್ವರ ಇಲ್ಲ ಅಂದೆ ನೀನು. ಯಾಕೆ ನಿಲ್ಲಿಸ್ದ ಅಂತ ಕೇಳಲಿಲ್ಲ. ಆಮೇಲೆ ನಿನ್ನ ಚಿತ್ರ. ಒಂದೊಂದು ಫ್ರೇಮನ್ನೂ ಎರಡು ಪಾಲು ಮಾಡಿ ಎರಡಕ್ಕೂ ಕೊಡ್ತೀಯ. ಇಬ್ಬರು ಮಂಚ ಹೊತ್ಕೊಂಡು ಹೋಗುವಾಗ ಹಿಂದಿನವನು ನಿಧಾನ ಮಾಡಿದ್ರೆ ಮುಂದಿನವನು ಓಡೋಕಾಗುತ್ತಾ?"

ಎರಡೂ ನೂರಕ್ಕೆ ನೂರು ದುಡಿಯುತ್ತಿವೆ ಎಂದು ಪರದೆ ಹೇಳುತ್ತಿತ್ತು. ದುಡಿಯುತ್ತಿದ್ದವು, ನಿಜ. ಎಷ್ಟು ವೇಗದಲ್ಲಿ ಎಂದು ಚುಕ್ಕಿ ನೋಡಿದ್ದು ಮೆಕ್ಯಾನಿಕ್ ಪಕ್ಕದಲ್ಲಿದ್ದಾಗ ಮಾತ್ರ. ಆಗೆಲ್ಲ ಚೆನ್ನಾಗೇ ಇರುತ್ತಿತ್ತು.

"ಕೋಣೆ ಒಲೆ ಆಗೋದು ಆ ಫ್ಯಾನು ಆರಿದಾಗ" ಅಂದಳು ಅಕ್ಕ. "ಜನ ಬಂದು ಕೆಲಸ ನಿಂತಾಗ ಅದು ಮತ್ತೆ ತಿರುಗುತ್ತೆ, ಕೋಣೆ ತಣ್ಣಗಾಗುತ್ತೆ." "ಮಾವ, ನಿಮ್ಮ ತಲೆ ಮೇಲಿರೋ ಬೋರ್ಡಲ್ಲಿ ಎಲ್ಲ ಸ್ವಿಚ್ಚಿನ ಮೇಲೂ ಹಿತ್ತಾಳೆ ಪುಡಿ ಕೂತಿದೆ. ಮೂರು ಮಾತ್ರ ಹೊಳೀತಿವೆ. ಒಂದು ದೀಪದ್ದು, ಒಂದು ಮೋಟಾರಿಂದು. ಇನ್ನೊಂದು?"

ಮಾವ ಅರವನ್ನು ಮೇಜಿನ ಮೇಲಿಟ್ಟರು. "ಫ್ಯಾನಿಂದು."

"ಮಾವ." ಚುಕ್ಕಿಯ ದನಿ ತಾನಾಗಿ ಏರಿತು. "ನಾನು ಮೂರು ವಾರದಿಂದ ಈ ಮನೇಲಿ ಗೋಡೆ ಗೋಡೆಗೆ ತಲೆ ಚಚ್ಕೊಳ್ತಿದ್ದೀನಿ. ಊಟ ಬಿಟ್ಟೆ. ಆ ಮೆಕ್ಯಾನಿಕ್‌ಗೆ ಅವಮಾನ ಆಯ್ತು. ಅಲ್ಲಿ ಒಬ್ಬ ಮನುಷ್ಯ ಜೈಲಿಗೆ ಹೋಗ್ತಾನೋ ಏನೋ. ಒಂದು ಮಾತು ಹೇಳಬಾರದಿತ್ತಾ? ಫ್ಯಾನ್ ಆರಿಸ್ತೀನಿ ಅಂತ ಒಂದು ಮಾತು?"

"ಮೊದಲು ಗೊತ್ತಿರಲಿಲ್ಲಮ್ಮ. ನಿನ್ನ ಯಂತ್ರಕ್ಕೂ ಅದಕ್ಕೂ ಸಂಬಂಧ ಅಂತ ಹೊಳೀಲಿಲ್ಲ."

"ಮೊದಲು ಅಂದ್ರೆ? ಆಮೇಲೆ ಗೊತ್ತಾಯ್ತಾ?"

ಮಾವ ತಲೆ ತಗ್ಗಿಸಿದರು.

"ಇವಳು ಕೇಳಬೇಕಾದ ಪ್ರಶ್ನೆ ಅದಲ್ಲ" ಅಂದಳು ಅಕ್ಕ ಮೆಲ್ಲಗೆ. "ಆ ಫ್ಯಾನು ಹಾಕಿಸಿ ಎಷ್ಟೋ ವರ್ಷ ಆಯ್ತು. ಅದು ಗುಂಯ್ ಅಂತಿರುವಾಗಲೇ ನೀವು ಸಾವಿರ ವಾದ್ಯ ಶ್ರುತಿ ಮಾಡಿದ್ದೀರಿ. ಈಗ ಯಾಕೆ ಆರಿಸಬೇಕಾಯ್ತು, ಮಾವ?"

ಮಾವ ಅಕಾರ್ಡಿಯನ್ನಿನ ಮೇಲೆ ಅಂಗೈ ಸವರಿದರು, ಬೆವರಿದ ದನದ ಮೈ ಸವರುವ ಹಾಗೆ.

"ಎಡಗಿವಿ ಹೋಗೇಬಿಟ್ಟಿದೆ" ಅಂದರು. "ಬಲಗಿವೀಲಿ ಅಲೆ ಸಿಕ್ಕಿದ ಹಾಗೆ ಆಗುತ್ತೆ, ತಪ್ಪಿಹೋಗುತ್ತೆ. ಫ್ಯಾನಿನ ಸದ್ದೇ ಅದನ್ನ ನುಂಗ್ತಿದೆ ಅನ್ನಿಸ್ತು. ಆರಿಸ್ದೆ."

"ಆರಿಸಿದ ಮೇಲೆ ಕೇಳಿಸ್ತಾ?"

"ಸ್ವಲ್ಪ." ಚುಕ್ಕಿಯ ಕಡೆ ತಿರುಗಿದರು. "ನಿನಗೆ ಹೇಳಿದ್ರೆ ನೀನು ಅವತ್ತೇ ಯಂತ್ರಾನ ಬೇರೆ ಕಡೆ ಇಡ್ತಿದ್ದೆ, ಫ್ಯಾನೂ ತೆಗೆಸ್ತಿದ್ದೆ. ನಿನ್ನ ಬಗ್ಗೆ ನನಗೆ ಗೊತ್ತಿಲ್ವಾ? ಫ್ಯಾನೂ ಇಲ್ಲ, ಯಂತ್ರವೂ ಇಲ್ಲ, ಮನೆ ಪೂರ್ತಿ ನಿಶ್ಶಬ್ದ. ಆಗಲೂ ಕೇಳಿಸದೇ ಹೋದ್ರೆ? ಆಮೇಲೆ ಯಾರನ್ನ ಬೈಲಿ? ಆ ಸ್ವಿಚ್ಚು ಇರೋವರೆಗೆ ತಪ್ಪು ಫ್ಯಾನಿಂದು ಅಂತಾದ್ರೂ ಅಂದ್ಕೋಬಹುದಿತ್ತು."

ಚುಕ್ಕಿಯ ಸಿಟ್ಟು ಹೋಗಿರಲಿಲ್ಲ. ಅದನ್ನು ಎಲ್ಲಿಡಬೇಕೋ ಗೊತ್ತಾಗದೆ, ಕೈಯಲ್ಲಿ ಬಿಸಿ ಪಾತ್ರೆ ಹಿಡಿದವಳ ಹಾಗೆ ನಿಂತಿದ್ದಳು.

"ಮಗನಿಗೆ ಹೇಳಬೇಡ" ಅಂದರು ಮಾವ.

"ಹೇಳ್ತೀನಿ" ಅಂದಳು ಅವಳು. "ಹೇಳದೆ ಇದ್ದದ್ದಕ್ಕೇ ಇಷ್ಟೆಲ್ಲ ಆಗಿದ್ದು."

*

ಯಂತ್ರವನ್ನು ಸಾಮಾನು ಕೋಣೆಯಿಂದ ಹೊತ್ತು ತಂದು ಊಟದ ಮೇಜಿನ ಮೇಲೆ, ಕಿಟಕಿಯ ಎದುರಿಗೆ ಇಟ್ಟರು. ಪಡಸಾಲೆ ಗಿರಣಿಯಾಯಿತು. ಗಂಡ ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಉಂಡ. ಉಪ್ಪು ಬೇಕಾದರೆ ಕೈಸನ್ನೆ ಮಾಡಿದ. ಎರಡೂ ಪ್ರೊಸೆಸರ್ ಪೂರ್ತಿ ವೇಗದಲ್ಲಿ ಓಡಿದವು. ಭಾನುವಾರ ಸಂಜೆ ಕೊನೆಯ ಫ್ರೇಮು ಬಂದಾಗ ಚುಕ್ಕಿ ಸದ್ದು ನಿಲ್ಲಿಸಿ, ಬರಿ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು.

ಮೆಕ್ಯಾನಿಕ್‌ಗೆ ಅಕ್ಕನೇ ಫೋನ್ ಮಾಡಿ ತಪ್ಪಾಯಿತು ಎಂದಳು. ಅವನು ಎಲ್ಲ ಕೇಳಿಸಿಕೊಂಡು, "ಕೋಣೇಲಿ ಇನ್ನೂ ಸ್ವಲ್ಪ ಹೊತ್ತು ಕೂತು ನೋಡಬೇಕಿತ್ತು, ನನ್ನದೂ ತಪ್ಪಿದೆ" ಅಂದನಂತೆ.

ವಿಚಾರಣೆಯಲ್ಲಿ ಚಿತ್ರ ನೋಡಿದವರು ಸೈಕಲ್ ಕಂಬದ ಮರೆಗೆ ಹೋಗುವ ಭಾಗವನ್ನು ಮತ್ತೆ ಮತ್ತೆ ಹಾಕಿಸಿದರು. ಫೋನ್ ನೋಡುತ್ತಿದ್ದ ಎಂಬ ಆರೋಪ ಬಿದ್ದುಹೋಯಿತು. ಲೈಸೆನ್ಸ್ ಉಳಿಯಿತು. ಚಾಲಕ ಮಾತ್ರ ಸೀದಾ ಆಸ್ಪತ್ರೆಗೆ ಹೋಗಿ ಆ ಹುಡುಗಿಯ ಹಾಸಿಗೆಯ ಪಕ್ಕ ಕೂತು ಬಂದನಂತೆ. ವಕೀಲೆ ಹೇಳಿದಳು.

ಕಿವಿಯ ವೈದ್ಯರಲ್ಲಿಗೆ ಮಾವನನ್ನು ಕರೆದುಕೊಂಡು ಹೋದವಳು ಅಕ್ಕ. ಮಗ ಕರೆದರೆ ಬರುತ್ತಿರಲಿಲ್ಲ. ಎಡಗಿವಿ ಮರಳುವುದಿಲ್ಲ, ಬಲಗಿವಿಗೆ ಒಂದು ಯಂತ್ರ ಹಾಕಿದರೆ ಮಾತು ಕೇಳಿಸುತ್ತದೆ, ಶ್ರುತಿಯ ವಿಷಯ ಹೇಳುವ ಹಾಗಿಲ್ಲ ಎಂದರು ವೈ‍ದ್ಯರು.

ಅದಾದ ಒಂದು ಮಧ್ಯಾಹ್ನ ಅವರು ಚುಕ್ಕಿಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಅರ ಇತ್ತು.

"ಕೆಲಸ ಇದೆಯಾ?"

"ಇಲ್ಲ ಮಾವ. ಏನು?"

"ಆ ಅಕಾರ್ಡಿಯನ್ನು. ನಾನು ಕೆರೀತೀನಿ. ಅಲೆ ನಿಂತಾಗ ನೀನು ಹೇಳು."

ಅವಳು ಅವರ ಕೋಣೆಗೆ ಹೋಗಿ ಅವರ ಬಲಕ್ಕೆ ಕೂತಳು. ಮಾವ ಎರಡು ರೀಡುಗಳನ್ನು ಒಟ್ಟಿಗೆ ನುಡಿಸಿದರು. ಚುಕ್ಕಿಗೆ ಒಂದೇ ಸ್ವರ ಕೇಳಿಸಿತು. ಅವಳಿಗೆ ಸಂಗೀತದ ಗಂಧವೇ ಇರಲಿಲ್ಲ.

"ನಿಂತಿದೆ ಮಾವ."

ಮಾವ ರೀಡಿನ ಮೇಲೆ ಬೆರಳ ತುದಿ ಇಟ್ಟು ನೋಡಿದರು. ನಡುಕ ಬೆರಳಿಗೆ ಗೊತ್ತಾಯಿತೇನೋ. ಮುಖ ಗಂಟಿಕ್ಕಿತು.

"ಎಲ್ಲಿ ನಿಂತಿದೆ? ಕಿವಿ ಇಟ್ಕೊಂಡು ಏನು ಮಾಡ್ತಿದ್ದೀಯ? ಸರಿಯಾಗಿ ಕೇಳು."

ಮತ್ತೆ ನುಡಿಸಿದರು. ಚುಕ್ಕಿ ಕಣ್ಣು ಮುಚ್ಚಿದಳು. ತುಂಬ ಹೊತ್ತಿನ ಮೇಲೆ, ಒಂದೇ ಅನ್ನಿಸುತ್ತಿದ್ದ ದನಿಯೊಳಗೆ ಏನೋ ಮೆಲ್ಲಗೆ ಉಬ್ಬಿ ಇಳಿಯುವುದು ಅವಳಿಗೆ ಮೊದಲ ಸಲ ಕೇಳಿಸಿತು.

"ಇದೆ" ಅಂದಳು. "ಇನ್ನೂ ಇದೆ. ಕೆರೀರಿ."